ಏಕಾಕಿಯಾದ ಸವಾರನೂ ನಿಲ್ಲಿಸುವ ಅಧಿಕಾರವೂ

ವನಪರ್ವದಲ್ಲಿ ಯಕ್ಷನು ಕೇಳಿದ ಪ್ರಶ್ನೆಗಳಲ್ಲಿ, ಒಂಟಿಯಾಗಿ ಸಂಚರಿಸುವವನು ಯಾರೆಂಬುದೂ ಒಂದು. ಯುಧಿಷ್ಠಿರನು ಅದಕ್ಕೆ ಸೂರ್ಯನ ಹೆಸರನ್ನು ಹೇಳಿದನೇ ಹೊರತು ಮನುಷ್ಯರಲ್ಲಿ ಒಬ್ಬನನ್ನೂ ಹೆಸರಿಸಲಿಲ್ಲ. ನಾಲ್ವರು ತಮ್ಮಂದಿರು ಕೊಳದ ದಡದಲ್ಲಿ ಬಿದ್ದಿದ್ದ ಆ ಗಳಿಗೆಯಲ್ಲಿ ಅವನಿಗಿಂತ ಒಂಟಿಯಾದವನು ಬೇರೊಬ್ಬನಿರಲಿಲ್ಲ. ಆದರೂ ಅವನು ತನ್ನನ್ನು ಆ ಗಣನೆಗೆ ಸೇರಿಸಿಕೊಳ್ಳಲಿಲ್ಲ. ಮನುಷ್ಯನಿಗೆ ಏಕಾಕಿತ್ವವು ಸಾಧ್ಯವೇ, ಸಾಧ್ಯವಾದರೆ ಶ್ಲಾಘ್ಯವೇ ಎಂಬ ವಿಚಾರವು ಹಳೆಯದಾದರೂ ಈಚಿನ ಕಾಲದ ಒಂದು ಕ್ರೀಡೆಯು ಅದನ್ನು ಹೊಸದಾಗಿ ಮುಂದಿಟ್ಟಿದೆ.

ಗುಡ್ಡಗಾಡುಗಳ ಕಲ್ಲುದಾರಿಯಲ್ಲಿ ದಪ್ಪ ಟೈರಿನ ಬೈಸಿಕಲ್ಲನ್ನು ಇಪ್ಪತ್ತನಾಲ್ಕು ಗಂಟೆಗಳ ಕಾಲ ಓಡಿಸುವ ಪಂದ್ಯವೊಂದು 1992ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾ ಸಂಸ್ಥಾನದಲ್ಲಿ ಆರಂಭವಾಯಿತು. ಒಬ್ಬನು ಸುತ್ತು ಮುಗಿಸಿ ಬಂದರೆ ಮತ್ತೊಬ್ಬನು ಹೊರಡುವಂತೆ, ಅದು ತಂಡಗಳಿಗಾಗಿಯೇ ಏರ್ಪಟ್ಟದ್ದು. ಮುಂದಿನ ವರ್ಷಗಳಲ್ಲಿ ಜಾನ್ ಸ್ಟಾಮ್‌ಸ್ಟಡ್ ಎಂಬ ಸವಾರನು ತನ್ನ ಹೆಸರನ್ನೇ ನಾಲ್ಕು ಬಗೆಯಾಗಿ ಬರೆದು, ನಾಲ್ವರ ತಂಡವೆಂದು ನಮೂದಿಸಿ, ಹಗಲಿರುಳೂ ತಾನೊಬ್ಬನೇ ಓಡಿಸಿದನು. ಇದು ನಗೆ ಬರಿಸುವ ಸಂಗತಿ. ಆದರೆ ಆಮೇಲೆ ಏಕಾಕಿ ಸವಾರರದೇ ಒಂದು ಪ್ರತ್ಯೇಕ ವರ್ಗವು ಹುಟ್ಟಿ ಲೋಕವ್ಯಾಪಿಯಾಯಿತು.

ಇದು ಕೇವಲ ಅಹಂಕಾರವೆಂದು ತಳ್ಳಿಹಾಕುವವರು ಇದ್ದಾರೆ. ಆ ಆಕ್ಷೇಪಣೆಗೆ ಹೆಚ್ಚು ಬೆಲೆಯಿಲ್ಲ. ಅಹಂಕಾರವು ತಂಡಗಳಲ್ಲಿಯೂ ಸಭೆಗಳಲ್ಲಿಯೂ ಸಾಕಷ್ಟು ಬೆಳೆಯುತ್ತದೆ. ನಿಜವಾದ ಪ್ರಶ್ನೆಯು ಬೇರೆ: ಒಬ್ಬನೇ ಓಡುವವನು ಯಾರ ಮಾತಿಗೆ ನಿಲ್ಲಬೇಕು?

ತಂಡದಲ್ಲಿ ಒಬ್ಬನು ಬಳಲಿದರೆ ಜೊತೆಯವನು ಅವನ ಮುಖವನ್ನು ನೋಡಿ ಕೆಳಗಿಳಿಸುತ್ತಾನೆ. ಏಕಾಕಿಗಾದರೋ, ದಣಿವನ್ನು ಅಳೆಯತಕ್ಕ ಮನಸ್ಸೇ ದಣಿಯುವ ವಸ್ತುವಾಗಿರುತ್ತದೆ. ನಿದ್ರೆಗೆಟ್ಟ ಬುದ್ಧಿಯು ತಾನು ಕೆಟ್ಟಿರುವುದನ್ನು ತಾನೇ ತಿಳಿಯಲಾರದು. ತಕ್ಕಡಿಯೇ ಬಾಗಿದ ಮೇಲೆ ಅದರಿಂದ ಅದನ್ನೇ ತೂಗುವುದೆಂತು? ಸ್ಲೊವೇನಿಯಾ ದೇಶದ ಯೂರೆ ರೋಬಿಚ್ ಎಂಬಾತನು, ಹೆದ್ದಾರಿಗಳ ಮೇಲೆ ಅಮೆರಿಕವನ್ನು ಒಂದು ಕರಾವಳಿಯಿಂದ ಮತ್ತೊಂದಕ್ಕೆ, ಸುಮಾರು 4,800 ಕಿಲೋಮೀಟರು ದಾಟುವ ಪಂದ್ಯದ ಏಕಾಕಿ ವರ್ಗವನ್ನು ಐದು ಸಲ ಗೆದ್ದವನು. ದಿನಗಳು ಕಳೆದಂತೆ ಅವನಿಗೆ ಮತಿಭ್ರಮಣೆಯಾಗಿ, ದಾರಿಯ ಬದಿಯ ಅಂಚೆಪೆಟ್ಟಿಗೆಗಳು ಶತ್ರುಗಳಂತೆ ತೋರುತ್ತಿದ್ದವು. ಯಾವಾಗ ಉಣ್ಣಬೇಕು, ಯಾವಾಗ ಮಲಗಬೇಕು ಎಂಬುದನ್ನೆಲ್ಲ ಹಿಂದಿನಿಂದ ವಾಹನದಲ್ಲಿ ಬರುತ್ತಿದ್ದ ಗೆಳೆಯರೇ ನಿಶ್ಚಯಿಸುತ್ತಿದ್ದರು. ಲೋಕವು ಏಕಾಕಿಗಳಲ್ಲಿ ಅಗ್ರಗಣ್ಯನೆಂದು ಕೊಂಡಾಡಿದವನು ತನ್ನ ಬುದ್ಧಿಯನ್ನು ಪರರಲ್ಲಿ ಅಡವಿಟ್ಟೇ ಗೆದ್ದನು! ಅದೇ ಪಂದ್ಯದಲ್ಲಿ 2006ರಲ್ಲಿ, ನಲವತ್ತು ಗಂಟೆಗಳ ವಿಶ್ರಾಂತಿಯನ್ನು ಕಡ್ಡಾಯ ಮಾಡಿದ ಮತ್ತೊಂದು ಏಕಾಕಿ ವರ್ಗವೂ ಏರ್ಪಟ್ಟಿತು; ಅಲ್ಲಿ ನಿಲ್ಲಿಸುವವನ ಸ್ಥಾನವನ್ನು ನಿಯಮವೇ ವಹಿಸಿತು.

ಈ ವಿಷಯದಲ್ಲಿ ಉರಿಗಾಂ ಕಡೆಯವರಿಗೆ ದೂರದ ದೃಷ್ಟಾಂತಗಳು ಬೇಕಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಜನರನ್ನು ಹೊತ್ತ ಕೇಜು ಶಾಫ್ಟಿನೊಳಗೆ ಇಳಿಯುವಾಗ, ಅದನ್ನು ಇಳಿಸುತ್ತಿದ್ದ ಎಂಜಿನ್ ಚಾಲಕನು ನೆಲದ ಮೇಲಣ ಮನೆಯೊಳಗೆ ಕುಳಿತಿರುತ್ತಿದ್ದನು. ಅವನಿಗೆ ಕೇಜು ಕಾಣುತ್ತಿರಲಿಲ್ಲ; ಕೆಳಗಿನವರಿಗೆ ಎಂಜಿನ್ನು ಕಾಣುತ್ತಿರಲಿಲ್ಲ. ಇಬ್ಬರ ನಡುವೆ ಇದ್ದುದು ಗಂಟೆಯ ಸಂಕೇತ ಮಾತ್ರ. ಕೇಜು ಚಲಿಸುತ್ತಿರುವಾಗ ಒಂದೇ ಸಲ ಬಾರಿಸಿದರೆ ನಿಲ್ಲಿಸು ಎಂದರ್ಥ. ನಿಲ್ಲಿಸೆಂದವನು ಯಾರು, ಕಾರಣವೇನು, ಇನ್ನು ಸ್ವಲ್ಪ ದೂರ ಹೋಗಲಾಗದೇ ಎಂದು ಚಾಲಕನು ವಿಚಾರಿಸುವಂತಿರಲಿಲ್ಲ, ಮೊದಲು ನಿಲ್ಲಿಸಬೇಕು. ಏಕಾಕಿಯಾದ ಸವಾರನಲ್ಲಿ ಗಂಟೆ ಬಾರಿಸುವವನೂ ಗಂಟೆ ಕೇಳುವವನೂ ಒಬ್ಬನೇ. ಒಂದು ಮೊಣಕಾಲು ಬಾರಿಸುತ್ತದೆ. ಒಂದು ಹಟವು ಕೇಳಿಸಲಿಲ್ಲವೆನ್ನುತ್ತದೆ.

ಹಾಗಾದರೆ ಗಂಟೆಯನ್ನು ಪರರ ಕೈಗೆ ಕೊಟ್ಟುಬಿಡಲೇ? ಇಲ್ಲಿಯೂ ಒಂದು ತೊಡಕುಂಟು. ಬರಿಯ ಪ್ರೀತಿಯುಳ್ಳವರ ಕೈಗೆ ಕೊಟ್ಟರೆ ಅವರು ಹೊಸ್ತಿಲಲ್ಲಿಯೇ ಬಾರಿಸಿಬಿಡುವರು. ತಾಯಂದಿರನ್ನೆಲ್ಲ ಕೇಳಿ ಹೊರಡುವುದಾದರೆ ಯಾವ ಮಗನೂ ಗುಡ್ಡ ಹತ್ತಲಾರನು. ಬರಿಯ ಗೆಲುವನ್ನು ಬಯಸುವವರಿಗೆ ಕೊಟ್ಟರೆ ಅವರು ಬಾರಿಸಬೇಕಾದಾಗಲೂ ಬಾರಿಸರು. ಅಲ್ಲದೆ, ಎಲ್ಲವನ್ನೂ ಪರರೇ ನಿಶ್ಚಯಿಸುವುದಾದರೆ ಗೆದ್ದವನು ಯಾರೆಂಬ ಸಂದೇಹವೂ ಉಳಿಯುತ್ತದೆ.

ಈ ತೊಡಕಿಗೆ ಧರ್ಮಶಾಸ್ತ್ರದಲ್ಲಿ ಒಂದು ಸಮಾಧಾನವಿರುವಂತೆ ತೋರುತ್ತದೆ. ವ್ರತವನ್ನು ಕೆಡಿಸದ ಎಂಟನ್ನು ಶಾಸ್ತ್ರಕಾರರು ಎಣಿಸಿರುವರು. ನೀರು, ಹಣ್ಣು, ಹಾಲುಗಳ ಸಾಲಿನಲ್ಲಿಯೇ ಔಷಧವೂ ಗುರುವಿನ ವಚನವೂ ಬಂದಿವೆ. ಗುರುವು ಸಾಕೆಂದರೆ ಉಪವಾಸವನ್ನು ಬಿಟ್ಟವನು ವ್ರತಭ್ರಷ್ಟನಲ್ಲ. ಇಲ್ಲಿ ಗಮನಿಸತಕ್ಕದ್ದು, ಆ ಗುರುವನ್ನು ಹಸಿವು ತಲೆಗೇರಿದ ಮೇಲೆ ಹುಡುಕುವುದಲ್ಲ ಎಂಬುದು. ಬುದ್ಧಿಯು ಸ್ವಸ್ಥವಾಗಿರುವಾಗಲೇ, ಸಂಕಲ್ಪಕ್ಕೆ ಮೊದಲೇ, ಅವನನ್ನು ಆರಿಸಿಕೊಂಡಿರಬೇಕು. ಹಾಗೆ ಆರಿಸಿಕೊಂಡವನ ಮಾತಿಗೆ ನಡುರಾತ್ರಿಯಲ್ಲಿ ತಲೆಬಾಗುವವನು ತನ್ನದೇ ಮುಂಜಾನೆಯ ನಿಶ್ಚಯಕ್ಕೆ ತಲೆಬಾಗುತ್ತಾನೆ. ರೋಬಿಚನ ಗೆಲುವು ಅವನದೇ ಎನ್ನುವುದಕ್ಕೆ ಇದಕ್ಕಿಂತ ಬೇರೆ ಆಧಾರವು ಬೇಕಿಲ್ಲ.

ನಿಂತವನನ್ನು ಸೋತವನೆಂದು ಬರೆಯುವ ಪತ್ರಿಕೆಗಳಿಗೆ ಮಾತ್ರ ಈ ವಿವೇಚನೆಯು ರುಚಿಸುವುದಿಲ್ಲ. ಭಾರತೀಯ ಸೇನೆಯ ವೈದ್ಯರಾದ ಶ್ರೀನಿವಾಸ ಗೋಕುಲನಾಥರು ಅದೇ ಅಮೆರಿಕದ ಪಂದ್ಯವನ್ನು 2016ರಲ್ಲಿ ಪೂರೈಸಲಾಗದೆ ಹಿಂದಿರುಗಿದರು. 2017ರಲ್ಲಿ ಅದನ್ನು ಹನ್ನೆರಡು ದಿನಗಳೊಳಗೆ ಮುಗಿಸಿ, ಏಕಾಕಿಯಾಗಿ ಪೂರೈಸಿದ ಮೊದಲನೆಯ ಭಾರತೀಯರೆನಿಸಿದರು. ಎರಡನೆಯ ವರ್ಷದ ಕೀರ್ತಿಯಲ್ಲಿ ಮೊದಲನೆಯ ವರ್ಷಕ್ಕೂ ಪಾಲಿದೆ.

ಉರಿಗಾಮಿನ ಸುತ್ತಣ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು. ಸಯನೈಡ್ ದಿಬ್ಬಗಳು ಉಳಿದಿವೆ. ಮಳೆಯು ಕೊರೆದ ಅವುಗಳ ಕೊರಕಲುಗಳು ಬೈಸಿಕಲ್ಲಿನ ತರುಣನಿಗೆ ಆಸೆ ಹುಟ್ಟಿಸುವಂಥವು. ಗಾಳಿಯೆದ್ದಾಗ ಏಳುವ ನುಣ್ಣನೆಯ ಧೂಳಾದರೋ ಶ್ವಾಸಕ್ಕೆ ಹಿತವಾದುದಲ್ಲ. ಒಬ್ಬನೇ ಹತ್ತಲು ಹೊರಟ ಹುಡುಗನನ್ನು, ಎಷ್ಟು ಹೊತ್ತಿಗೆ ಬರುತ್ತೀಯಪ್ಪಾ ಎಂದು ಮನೆಯವರು ಕೇಳಿದರೆ ಅವನಿಗೆ ಸಿಡುಕು ಬರುವುದುಂಟು. ಹೇಳಿ ಹೋಗಲಿ. ಗಣಿಗೆ ಇಳಿಯುತ್ತಿದ್ದ ಅವನ ತಾತನ ಹೆಸರೂ ಮೇಲಣ ಪುಸ್ತಕದಲ್ಲಿ ಬರೆದಿರುತ್ತಿತ್ತು. ಪಾಳಿ ಮುಗಿದ ಮೇಲೆ ಹತ್ತಿ ಬಂದವರ ಲೆಕ್ಕವನ್ನು ಅದರೊಡನೆ ತಾಳೆ ನೋಡುತ್ತಿದ್ದರು.