ದೀಪ ಆರಿದರೆ ಸಾಕೇ?

ಕಳೆದ ಬೇಸಿಗೆಯಲ್ಲಿ ಅಮೆರಿಕದ ಅಕ್ಕನ ಮನೆಗೆ ಹೋಗಿದ್ದಾಗ, ಅವರ ಮಿನಿವ್ಯಾನಿನಲ್ಲಿ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡಿತು. ಭಾವ ಕೋಡ್ ಓದುವ ಪುಟ್ಟ ಯಂತ್ರ ಜೋಡಿಸಿದರು. ಪಿ 0455, ಅಂದರೆ ಪೆಟ್ರೋಲಿನ ಆವಿ ಸೋರುತ್ತಿದೆ. ಟ್ಯಾಂಕಿನಲ್ಲೇಳುವ ಆವಿಯನ್ನು ಇದ್ದಿಲಿನ ಡಬ್ಬಿಯೊಂದು ಹಿಡಿದಿಟ್ಟು, ಆಮೇಲೆ ಎಂಜಿನ್ನಿಗೆ ಉರಿಯಲು ಕೊಡಬೇಕು.

“ಗಾಡಿ ಚೆನ್ನಾಗಿಯೇ ಓಡುತ್ತಿದೆಯಲ್ಲ, ಗುಂಡಿ ಒತ್ತಿ ದೀಪ ಆರಿಸಿಬಿಡೋಣ” ಎಂದರು.

“ದೀಪ ಆರಿದರೆ ಸೋರಿಕೆ ನಿಂತೀತೇ, ಭಾವ?” ಎಂದೆ.

ಹಾಗೆ ಕೇಳಲು ನನಗೇನು ಯೋಗ್ಯತೆ? ದೆಹಲಿಯ ಕಚೇರಿಯಲ್ಲಿ ಆಡಿಟ್ ಆಕ್ಷೇಪಣೆಗೆ ‘ಗಮನಿಸಲಾಗಿದೆ’ ಎಂದು ಬರೆದು ಎಷ್ಟೋ ಫೈಲು ಮುಚ್ಚಿದವನು ನಾನು!

ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆವು. ರಬ್ಬರಿನ ಬಳೆ ಬಿರಿದಿತ್ತು. ಹೊಸ ಮುಚ್ಚಳ ಹಾಕಿ, ಆಮೇಲೆ ಕೋಡ್ ಅಳಿಸಿದೆವು. ನಾನು ಹೊರಡುವವರೆಗೂ ದೀಪ ಮತ್ತೆ ಹತ್ತಲಿಲ್ಲ.

ಬ್ರೇಕು ಕೆಟ್ಟಿದ್ದರೆ ಭಾವ ಒಂದು ದಿನವೂ ತಡೆಯುತ್ತಿರಲಿಲ್ಲ. ಅದು ನಮ್ಮ ಜೀವದ ಪ್ರಶ್ನೆ. ಈ ಆವಿಯಾದರೋ ಬಿಸಿಲಲ್ಲಿ ಇತರ ಹೊಗೆಯೊಡನೆ ಬೆರೆತು ಓಝೋನ್ ಆಗಿ, ಗುರುತಿಲ್ಲದವರ ಮಕ್ಕಳ ಉಸಿರಿಗೆ ಸೇರುತ್ತದೆ. ನಷ್ಟ ಪರರದಾದಾಗ ನಮಗೆ ದೀಪವೇ ಕಿರಿಕಿರಿ. ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರುಗಳಿಗೆಲ್ಲ ಇಂಥ ಸ್ವಯಂ ತಪಾಸಣೆಯನ್ನು ಕಾನೂನು ಕಡ್ಡಾಯ ಮಾಡಿತು. ಮನುಷ್ಯನಿಗೆ ಆ ಕಾನೂನಿಲ್ಲ. ನಮ್ಮ ದೀಪವನ್ನು ನಾವೇ ನೋಡಿಕೊಳ್ಳಬೇಕು.