ಆಯಿತು, ಮಾಡಿದೆನು

ಪ್ರೌಢಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಹಲವು ವರ್ಷಗಳ ಕಾಲ ಮಕ್ಕಳ ಬೆನ್ನ ಹಿಂದೆ ನಿಂತು ಅವರ ಪರದೆಗಳನ್ನು ನೋಡುತ್ತ ಬಂದ ನನಗೆ, ಅಲ್ಲಿ ಕಲಿತವರ ಕೈಚಳಕಕ್ಕಿಂತಲೂ ಅವರ ಬಾಯಲ್ಲಿ ಸದಾ ಇರುತ್ತಿದ್ದ ಎರಡು ಕ್ರಿಯಾಪದಗಳೇ ಹೆಚ್ಚು ನೆನಪಿನಲ್ಲಿ ನಿಂತಿವೆ. ಬರೆದಿಟ್ಟುದು ಅಳಿಸಿಹೋದರೆ ಮಗು "ಡಿಲೀಟ್ ಆಗ್ಬಿಡ್ತು ಸಾರ್" ಎನ್ನುತ್ತದೆ. ಚಿತ್ರವೊಂದು ಸೊಗಸಾಗಿ ಮೂಡಿದರೆ "ನಾನ್ ಮಾಡ್ದೆ ಸಾರ್" ಎನ್ನುತ್ತದೆ. ಬೆರಳು ಅದೇ, ಕೀಲಿಮಣೆ ಅದೇ. ಫಲವು ಇಷ್ಟವಾದಾಗ ಕರ್ತೃವು ಮುಂದೆ ಬಂದು ನಿಲ್ಲುತ್ತಾನೆ, ಅನಿಷ್ಟವಾದಾಗ ವಾಕ್ಯದಿಂದಲೇ ಮಾಯವಾಗುತ್ತಾನೆ. ಇದು ಮಕ್ಕಳ ದೋಷ ಮಾತ್ರವೆಂದು ನಾನು ಹೇಳಲಾರೆ. ಸುಳ್ಳು ಸುದ್ದಿಯೊಂದನ್ನು ವಾಟ್ಸ್‌ಆ್ಯಪಿನಲ್ಲಿ ಹತ್ತು ಗುಂಪುಗಳಿಗೆ ಹಂಚಿದ ಹಿರಿಯರೂ "ಫಾರ್ವರ್ಡ್ ಆಗಿ ಬಂದಿತ್ತು" ಎಂದು ಹೇಳಿ ಸುಮ್ಮನಾಗುತ್ತಾರೆ. ಕೆಲಸ ಮಾಡಿಕೊಡದ ಕಚೇರಿಯವರು "ಸಿಸ್ಟಮ್ ತಗೋತಾ ಇಲ್ಲ" ಎನ್ನುತ್ತಾರೆ.

ನಮ್ಮ ದೇಶದ ಶಾಲೆಗಳಿಗೆ ಈ ಯಂತ್ರವು ಬಂದುದು ಇಂದು ನಿನ್ನೆಯಲ್ಲ. 1984ರಲ್ಲಿ ಕೇಂದ್ರ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯ ಮೂಲಕ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟಿತು. 2004ರಲ್ಲಿ ಶಾಲೆಗಳಿಗಾಗಿ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ತರಗತಿಯ ಹಂತದಿಂದಲೇ ಕೋಡಿಂಗ್ ಕಲಿಸಬೇಕೆಂದಿತು. ಇವೆಲ್ಲವೂ ಕೌಶಲದ ಮಾತನ್ನಾಡಿದುವು, ಕೌಶಲವು ಬೇಕಾದುದೇ ಸರಿ. ಆದರೆ ಆ ಕೌಶಲದಿಂದ ಆಗುವ ಕರ್ಮಕ್ಕೆ ಕರ್ತೃವಾರು ಎಂಬ ಪ್ರಶ್ನೆಯನ್ನು ಪಾಠಪಟ್ಟಿಯು ಎತ್ತುವುದಿಲ್ಲ. ಅದನ್ನು ಎತ್ತಬೇಕಾದವನು ಕೊಠಡಿಯಲ್ಲಿ ನಿಂತಿರುವ ಉಪಾಧ್ಯಾಯನೇ.

ಪ್ರಶ್ನೆ ಹಳೆಯದು. ಪಾಣಿನಿಯು ಕರ್ತೃವಿಗೆ ಸ್ವಾತಂತ್ರ್ಯವನ್ನೇ ಲಕ್ಷಣವಾಗಿ ಹೇಳಿ, ಕರಣವೆಂದರೆ ಕ್ರಿಯಾಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ಒದಗುವ ಸಾಧನವೆಂದು ಅದನ್ನು ಬೇರೆಯಾಗಿ ನಿಲ್ಲಿಸಿದನು. ಕಡಿಯುವವನು ಕರ್ತೃ, ಕೊಡಲಿ ಕರಣ. ಆದರೂ ಕೊಡಲಿಯ ಹರಿತವನ್ನು ಮೆಚ್ಚಿ "ಈ ಕೊಡಲಿ ಚೆನ್ನಾಗಿ ಕಡಿಯುತ್ತದೆ" ಎಂದು ನಾವು ಹೇಳುವುದುಂಟು. ಇದು ಆಡುವವನ ವಿವಕ್ಷೆಗೆ, ಎಂದರೆ ಅವನು ಹೇಳಬಯಸುವ ರೀತಿಗೆ, ಸೇರಿದುದೆಂದು ವೈಯಾಕರಣರು ಒಪ್ಪಿಕೊಂಡರು. "ಕಂಪ್ಯೂಟರ್ ಹೇಳಿತು" ಎಂಬ ಮಾತೂ ಈ ಜಾತಿಯದು. ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಅದು ವಿವಕ್ಷೆಯೆಂಬುದು ಮರೆತುಹೋದಾಗ ಮಾತ್ರ ಕೊಡಲಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಕಡಿದವನನ್ನು ಮನೆಗೆ ಕಳುಹಿಸಿದಂತಾಗುತ್ತದೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಕರ್ಮಕ್ಕೂ ಜ್ಞಾನಕ್ಕೂ ಇರುವ ಭೇದವನ್ನು ವಿವರಿಸುತ್ತ, ಕರ್ಮವನ್ನು ಮನುಷ್ಯನು ಮಾಡಬಹುದು, ಮಾಡದಿರಬಹುದು, ಬೇರೆ ರೀತಿಯಲ್ಲಿಯೂ ಮಾಡಬಹುದು ಎಂದು ಹೇಳಿ, ಕುದುರೆಯ ಮೇಲಾದರೂ ಹೋಗಬಹುದು, ನಡೆದಾದರೂ ಹೋಗಬಹುದು, ಹೋಗದೆಯೂ ಇರಬಹುದು ಎಂಬ ಉದಾಹರಣೆಯನ್ನು ಕೊಡುತ್ತಾರೆ. ಈ ಮೂರನೆಯದು, ಹೋಗದೆ ಇರಬಲ್ಲ ಶಕ್ತಿ, ಯಂತ್ರಕ್ಕಿಲ್ಲ. ಕಳುಹಿಸು ಎಂಬ ಗುಂಡಿಯನ್ನು ಒತ್ತಿದ ಮೇಲೆ ಕಳುಹಿಸದೆ ಇರೋಣವೆಂದು ಅದು ಒಂದು ಕ್ಷಣವೂ ಯೋಚಿಸುವುದಿಲ್ಲ. ಹಾಗೆ ಯೋಚಿಸಬಹುದಾಗಿದ್ದುದು ಬೆರಳಿನ ಒಡೆಯನೊಬ್ಬನೇ.

ಈ ತತ್ತ್ವವನ್ನು ಹದಿಮೂರು ವರ್ಷದ ಮಗುವಿಗೆ ಉಪನ್ಯಾಸದಿಂದ ತಿಳಿಸಲಾಗದು. 'ಸ್ಕ್ರ್ಯಾಚ್' ಎಂಬ ತಂತ್ರಾಂಶದಲ್ಲಿ ಆಜ್ಞೆಗಳ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿ ಬೆಕ್ಕಿನ ಬೊಂಬೆಯೊಂದನ್ನು ನಡೆಸುವುದುಂಟು. ಒಮ್ಮೆ ಚೌಕ ಬರೆಯಹೊರಟ ಹುಡುಗಿಯೊಬ್ಬಳು ತೊಂಬತ್ತು ಡಿಗ್ರಿಯ ಬದಲು ಅರವತ್ತೆಂದು ಕೊಟ್ಟಿದ್ದಳು. ನಾಲ್ಕು ಗೆರೆಗಳು ಬಿದ್ದುವು, ಆಕೃತಿ ಕೂಡಿಕೊಳ್ಳಲಿಲ್ಲ. "ಬೆಕ್ಕಿಗೆ ಚೌಕ ಬರೆಯೋಕೆ ಬರಲ್ಲ ಸಾರ್" ಎಂದಳು. ನಾನು ಉತ್ತರ ಕೊಡದೆ, ತಾನು ಬರೆದ ಆಜ್ಞೆಗಳನ್ನೇ ಓದಿಕೊಂಡು ನೆಲದ ಮೇಲೆ ನಡೆಯುವಂತೆ ಹೇಳಿದೆನು. ಲೋಗೋ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್ ಅವರು ಮಕ್ಕಳಿಗೆ, ಪರದೆಯ ಮೇಲೆ ಗೆರೆ ಎಳೆಯುವ ಲೋಗೋವಿನ ಆಮೆ ತಾವೇ ಆಗಿ ನಡೆದು ನೋಡಿರೆಂದು ಕಲಿಸಿದ ದಾರಿ ಇದು. ಅವಳು ನಾಲ್ಕು ಹೆಜ್ಜೆ ನಡೆದು, ತಿರುಗಿ, ಮತ್ತೆ ನಡೆದು, ಎರಡನೆಯ ಮೂಲೆಯಲ್ಲಿ ತಟ್ಟನೆ ನಿಂತಳು. ಗೋಡೆಯ ಕಡೆಗೆ ತಿರುಗಿರಬೇಕಾಗಿದ್ದವಳು ಕಿಟಕಿಯ ಕಡೆಗೆ ತಿರುಗಿದ್ದಳು. ಮನೆಯಲ್ಲಿ ಅರ್ಧ ಹೇಳಿದ ಮಾತನ್ನು ತಾಯಿ ತಾನೇ ಪೂರ್ತಿ ಮಾಡಿಕೊಳ್ಳುತ್ತಾಳೆ, ಅಂಗಡಿಯವನು ನಮ್ಮ ತಪ್ಪನ್ನು ತಿದ್ದಿಕೊಂಡು ಸಾಮಾನು ಕೊಡುತ್ತಾನೆ. ಹೀಗಾಗಿ ನಮ್ಮ ಸಂಕಲ್ಪವು ಎಷ್ಟು ಅಸಮಗ್ರವೆಂಬುದು ನಮಗೆ ಕಾಣುವುದೇ ಇಲ್ಲ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದು ನಾವು ಹೇಳಿದುದನ್ನು ಮಾಡುತ್ತದೆಯೇ ಹೊರತು ನಾವು ಬಯಸಿದುದನ್ನಲ್ಲ; ಈ ಎರಡರ ನಡುವಣ ಅಂತರವೇ ಆತ್ಮಪರೀಕ್ಷೆಗೆ ಸಿಕ್ಕುವ ಸ್ಥಳ.

ಈಚೆಗೆ ಪ್ರಶ್ನೆಯು ಮತ್ತಷ್ಟು ತೊಡಕಾಗಿದೆ. ಕೇಳಿದೊಡನೆಯೇ ಪ್ರಬಂಧವನ್ನು ಬರೆದುಕೊಡುವ ಯಂತ್ರಗಳು ಬಂದಿವೆ, ಮಕ್ಕಳು ಅವನ್ನು ಬಳಸುತ್ತಿದ್ದಾರೆ. ಇಂಥದನ್ನು ಕೊಡಲಿಯ ಸಾಲಿನಲ್ಲಿ ಇರಿಸುವುದು ಸುಲಭವಲ್ಲವೆಂದು ನಾನೂ ಒಪ್ಪುತ್ತೇನೆ. ಅದನ್ನು ಯಜ್ಞದ ಋತ್ವಿಜನಿಗೆ ಹೋಲಿಸುವುದು ಹೆಚ್ಚು ಸರಿಯೆಂದು ತೋರುತ್ತದೆ. ಮೀಮಾಂಸಕರ ಮತದಲ್ಲಿ ಋತ್ವಿಜರು ದಕ್ಷಿಣೆ ಪಡೆದು ಕರ್ಮವನ್ನು ನಡೆಸಿಕೊಟ್ಟರೂ ಫಲವು ಯಜಮಾನನಿಗೇ ಸೇರುತ್ತದೆ. ಅಂತೆಯೇ ಮನೆಯ ಲೆಕ್ಕವನ್ನೋ ಅರ್ಜಿಯನ್ನೋ ಯಂತ್ರದಿಂದ ಮಾಡಿಸಿಕೊಂಡರೆ ಫಲ ನಮ್ಮದೇ, ಹೊಣೆಯೂ ನಮ್ಮದೇ. ಆದರೆ ಅಧ್ಯಯನವೆಂಬುದು ಬೇರೆಯ ಜಾತಿಯ ಕರ್ಮ. ನನಗೆ ಬದಲಾಗಿ ಇನ್ನೊಬ್ಬನು ಉಂಡರೆ ನನ್ನ ಹಸಿವು ಹೇಗೆ ಇಂಗುವುದಿಲ್ಲವೋ ಹಾಗೆ ನನಗೆ ಬದಲಾಗಿ ಇನ್ನೊಬ್ಬನು ಕಲಿತರೆ ನನ್ನ ಅಜ್ಞಾನವೂ ಇಂಗುವುದಿಲ್ಲ. ಪ್ರಬಂಧವನ್ನು ಯಂತ್ರದಿಂದ ಬರೆಯಿಸಿಕೊಂಡ ಮಗುವಿಗೆ ನಾನು ಮೋಸವೆಂಬ ಮಾತನ್ನು ಹೇಳುವುದಿಲ್ಲ. ನೀನು ಊಟಕ್ಕೆ ಕುಳಿತು ಎಲೆಯನ್ನು ಪಕ್ಕದವನ ಮುಂದೆ ಸರಿಸಿದೆ ಎಂದು ಹೇಳುತ್ತೇನೆ.

ಇಷ್ಟನ್ನು ಬರೆದ ಮೇಲೆ ನನ್ನ ತಾಯಿಯ ನೆನಪು ಅಡ್ಡ ಬರುತ್ತದೆ. ಎಂಟು ಮಂದಿಯ ಸಂಸಾರವನ್ನು ಒಂದು ಸಂಬಳದಲ್ಲಿ ದಡ ಸೇರಿಸಿದ ಆಕೆ, ಯಾರಾದರೂ ಹೊಗಳಿದರೆ "ನಾನೇನು ಮಾಡ್ದೆ, ದೇವರ ದಯೆಯಿಂದ ಆಯ್ತು" ಎನ್ನುತ್ತಿದ್ದಳು. ಇದೂ 'ಆಯಿತು' ಎಂಬ ಪದವೇ. ವಚನಕಾರರು ತಮ್ಮ ಮಾತಿನ ಕೊನೆಗೆ ತಮ್ಮ ಹೆಸರನ್ನಿಡದೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿದುದರಲ್ಲಿಯೂ ನನಗೆ ಇದೇ ಧ್ವನಿ ಕೇಳಿಸುತ್ತದೆ. ಹಾಗಾದರೆ ಮಕ್ಕಳಿಗೆ ಕರ್ತೃತ್ವವನ್ನು ಒಪ್ಪಿಕೊಳ್ಳಿರೆಂದು ಕಲಿಸುವುದು ಅಹಂಕಾರವನ್ನು ಕಲಿಸಿದಂತಾಗದೆ? ಬಹಳ ಕಾಲ ಇದು ನನ್ನನ್ನು ಕಾಡಿತು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಎಣಿಸಿ, ತಾನೊಬ್ಬನೇ ಕರ್ತೃವೆಂದು ಬಗೆದವನು ಸರಿಯಾಗಿ ಕಂಡವನಲ್ಲವೆನ್ನುತ್ತದೆ. ಆದರೆ ಆ ಐದರಲ್ಲಿ ಕರ್ತೃವೂ ಒಂದೆಂಬುದನ್ನು ಮರೆಯಬಾರದು. ತಾಯಿಯು 'ಆಯಿತು' ಎಂದುದು ಫಲವನ್ನು ಹಂಚಿಕೊಡುವುದಕ್ಕೆ. ಮಗುವು 'ಆಯಿತು' ಎನ್ನುವುದು ಹೊಣೆಯನ್ನು ಬಿಟ್ಟುಕೊಡುವುದಕ್ಕೆ. ಮಾಡಿದೆನೆಂದು ಹೇಳಬಲ್ಲವನಿಗೆ ಮಾತ್ರ ಆಯಿತೆಂದು ಹೇಳುವ ಅಧಿಕಾರವಿದೆ. ತನ್ನದಲ್ಲದುದನ್ನು ಯಾರೂ ಅರ್ಪಿಸಲಾರರು. ಆಯುಧಪೂಜೆಯಂದು ನಮ್ಮ ಕೊಠಡಿಯ ಯಂತ್ರಗಳಿಗೂ ಅರಿಸಿನ ಕುಂಕುಮವಿಟ್ಟು, ಹೂವು ಮುಡಿಸಿ, ಆ ಒಂದು ದಿನ ಅವುಗಳಿಂದ ಯಾವ ಕೆಲಸವನ್ನೂ ತೆಗೆದುಕೊಳ್ಳದೆ ಕೈಮುಗಿಯುವಾಗ, ಕರಣಕ್ಕೆ ಸಲ್ಲಬೇಕಾದ ಗೌರವವು ಸಲ್ಲುತ್ತದೆ. ಮರುದಿನದಿಂದ ಕರ್ತೃವು ಮತ್ತೆ ತನ್ನ ಪೀಠದಲ್ಲಿ ಕುಳಿತುಕೊಳ್ಳಬೇಕು.

ಒಂದು ಮಳೆಗಾಲದ ಮಧ್ಯಾಹ್ನ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ತಮ್ಮೂರ ಕೆರೆಯ ವಿಷಯವಾಗಿ ಒಂದು ಗಂಟೆ ಕುಳಿತು ಕನ್ನಡದಲ್ಲಿ ಬೆರಳಚ್ಚು ಮಾಡಿದ್ದನು. ಗುಡುಗಿತು, ಕರೆಂಟು ಹೋಯಿತು, ಬ್ಯಾಟರಿ ಹಳತಾಗಿದ್ದುದರಿಂದ ಪರದೆಗಳೆಲ್ಲ ಒಮ್ಮೆಗೇ ಕತ್ತಲಾದುವು. ಕೊಠಡಿಯ ತುಂಬ "ಹೋಯ್ತು, ಹೋಯ್ತು" ಎಂಬ ಕೂಗೆದ್ದಿತು. ಅವನೊಬ್ಬನು ಕೂಗಲಿಲ್ಲ. ನಾನು ಹತ್ತಿರ ಹೋದಾಗ, ಕತ್ತಲ ಪರದೆಯನ್ನೇ ನೋಡುತ್ತ, "ಕರೆಂಟ್ ಹೋಗಿದ್ದಕ್ಕೆ ನಾನೇನೂ ಮಾಡೋಕಾಗ್ತಿರ್ಲಿಲ್ಲ ಸಾರ್. ಆದ್ರೆ ಒಂದ್ ಗಂಟೆಯಿಂದ ನಾನು ಸೇವ್ ಮಾಡಿರ್ಲಿಲ್ಲ" ಎಂದನು. ಮಳೆ ನಿಲ್ಲುವ ತನಕ ನಾವಿಬ್ಬರೂ ಅಲ್ಲಿಯೇ ಕುಳಿತಿದ್ದೆವು. ಅವನು ಒಂದು ಹಾಳೆಯನ್ನು ತೆಗೆದುಕೊಂಡು, ಕೆರೆಯ ವಿಷಯವಾಗಿ ತನಗೆ ನೆನಪಿದ್ದುದನ್ನು ಪೆನ್ಸಿಲಿನಿಂದ ಬರೆಯತೊಡಗಿದನು.