ನಂಬಿಕೆಗೂ ಎರಡು ಕೀಲಿಕೈ

ಊರಿನಲ್ಲಿರುವ ನಿಮಗೆ ಕನ್ನಡವೆಂದರೆ ಗಾಳಿ ಇದ್ದ ಹಾಗೆ, ಇದೆ ಎಂಬುದೇ ನೆನಪಿಗೆ ಬರುವುದಿಲ್ಲ. ನಮಗೆ ಹಾಗಲ್ಲ. ಡೊಂಬಿವಲಿಯಿಂದ ಹೊರಟ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಯಾರೋ ಫೋನಿನಲ್ಲಿ "ಊಟ ಆಯ್ತಾ?" ಅಂದದ್ದು ಕಿವಿಗೆ ಬಿದ್ದರೆ ಸಾಕು, ತಲೆ ತಾನಾಗಿ ಆ ಕಡೆ ತಿರುಗುತ್ತದೆ. ಇಳಿಯುವ ಹೊತ್ತಿಗೆ ಅವರ ಊರು, ಮನೆತನ, ಮಗಳ ಮದುವೆ ಎಲ್ಲ ಗೊತ್ತಾಗಿರುತ್ತದೆ. ಮುಂಬಯಿಯ ಕನ್ನಡಿಗರು ನೆಲೆ ನಿಂತದ್ದೇ ಈ ಸಲಿಗೆಯ ಮೇಲೆ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಒಂದು ತಲೆಮಾರೇ ಇಲ್ಲಿತ್ತು. ಆ ಹುಡುಗರನ್ನು ಊರಿನಿಂದ ಕರೆತಂದವರು ಯಾವ ದಾಖಲೆಯನ್ನೂ ಕೇಳಲಿಲ್ಲ. "ನಮ್ಮ ಕಡೆಯವನು" ಅಂದರೆ ಮುಗಿಯಿತು, ಅದೇ ಅವನ ಗುರುತಿನ ಚೀಟಿ.

ಈ ನಂಬಿಕೆ ಗುಣವೋ, ದೌರ್ಬಲ್ಯವೋ? ನಿವೃತ್ತನಾದ ಮೇಲೆ ನಾನು ಈ ಪ್ರಶ್ನೆಗೆ ಎದುರಾದದ್ದು ಕಂಪ್ಯೂಟರಿನ ದೆಸೆಯಿಂದ.

ನಮ್ಮ ಸೊಸೈಟಿಯಲ್ಲಿ ನನ್ನ ವಯಸ್ಸಿನವರು, ನನಗಿಂತ ಹಿರಿಯರು ಬಹಳ. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇದ್ದಾರೆ. ಹೋಗುವಾಗ ಒಂದು ಕಂಪ್ಯೂಟರ್ ಇಟ್ಟು ಹೋಗಿದ್ದಾರೆ. ಅದು ಕೆಟ್ಟರೆ ಕರೆ ನನಗೆ. ನಾನು ಇಂಜಿನಿಯರ್ ಅಲ್ಲ, ಎಂ.ಕಾಂ. ಓದಿದವನು. ಬ್ಯಾಂಕಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಬೇರೆಯವರು ಹೆದರಿ ದೂರ ನಿಂತಾಗ ನಾನು ಹತ್ತಿರ ಹೋಗಿದ್ದೆ, ಅಷ್ಟೇ ನನ್ನ ಅರ್ಹತೆ. ನಿಜ ಹೇಳಬೇಕೆಂದರೆ ಮನೆಯ ಕಂಪ್ಯೂಟರಿನ ಕಾಯಿಲೆಗಳಲ್ಲಿ ಹೆಚ್ಚಿನವು ಸಣ್ಣವು. ನೆಲದ ಮೇಲಿಟ್ಟ ಕ್ಯಾಬಿನೆಟ್ಟಿನ ಫ್ಯಾನಿಗೆ ಧೂಳು ಹಿಡಿದು ಅದು ಬಿಸಿಯಾಗಿ ನಿಲ್ಲುತ್ತದೆ. ಮಳೆಗಾಲದ ತೇವಕ್ಕೆ ರ‍್ಯಾಮ್ ಪಟ್ಟಿಯ ಹಲ್ಲುಗಳು ಮಂಕಾಗುತ್ತವೆ. ಪ್ಲಗ್ ಕಿತ್ತು, ಪಟ್ಟಿ ತೆಗೆದು, ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಎದ್ದು ಕೂರುತ್ತದೆ. ಮುಕ್ಕಾಲು ಪಾಲು ರೋಗಕ್ಕೆ ಒಮ್ಮೆ ಆರಿಸಿ ಮತ್ತೆ ಹಚ್ಚುವುದೇ ಮದ್ದು.

ಒಂದು ರೋಗ ಮಾತ್ರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕೆಲವರ ಮನೆಯಲ್ಲಿ ಇಂಟರ್ನೆಟ್ ಬರುತ್ತದೆ, ಆದರೆ ಯಾವ ತಾಣ ತೆರೆದರೂ "ಇದು ಸುರಕ್ಷಿತವಲ್ಲ" ಎಂಬ ಎಚ್ಚರಿಕೆ. ವೈರಸ್ ಎಂದು ಗಾಬರಿ. ನೋಡಿದರೆ ಮೂಲೆಯ ತಾರೀಖು ಹತ್ತಾರು ವರ್ಷ ಹಿಂದೆ ಹೋಗಿರುತ್ತದೆ. ಒಳಗಿನ ಮದರ್‌ಬೋರ್ಡಿನಲ್ಲಿ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಕರೆಂಟಿಲ್ಲದಾಗ ಗಡಿಯಾರ ನಡೆಸುವುದು ಅದೇ. ಸೆಲ್ ಸತ್ತರೆ ತಾರೀಖು ತಪ್ಪುತ್ತದೆ. ಪ್ರತಿ ಸುರಕ್ಷಿತ ತಾಣವೂ ತನ್ನ ಗುರುತಿನ ಪ್ರಮಾಣಪತ್ರ ತೋರಿಸಬೇಕು, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ತಾರೀಖು ತಪ್ಪಿದ ಕಂಪ್ಯೂಟರಿಗೆ ಎಲ್ಲ ಪ್ರಮಾಣಪತ್ರಗಳೂ ಖೋಟಾ ಅನ್ನಿಸಿ, ನೆಟ್ಟಗಿರುವ ಬ್ಯಾಂಕನ್ನೂ ಒಳಗೆ ಬಿಡುವುದಿಲ್ಲ. ನೋಡಿ, ನಿರ್ಜೀವ ಯಂತ್ರ ಕೂಡ ಗುರುತು ಕೇಳದೆ ಯಾರನ್ನೂ ನಂಬುವುದಿಲ್ಲ. ಅದರಿಂದ ಯಾರಿಗೂ ಅವಮಾನ ಅನ್ನಿಸುವುದಿಲ್ಲ. ನಾವು ಮಾತ್ರ ಎದುರಿನವನ ಗುರುತು ಕೇಳಲು ನಾಚುತ್ತೇವೆ.

ಹಾಗೆ ನಾಚಿಕೊಂಡವರಲ್ಲಿ ಒಬ್ಬರು ನಮ್ಮ ಮೂರನೇ ಮಹಡಿಯ ಅಮ್ಮ. ಕುಂದಾಪುರದ ಕಡೆಯವರು, ಎಪ್ಪತ್ತು ದಾಟಿದ ವಿಧವೆ. ಟಿ.ವಿ. ರೀಚಾರ್ಜ್ ಆಗಲಿಲ್ಲವೆಂದು ಕಂಪ್ಯೂಟರಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದ್ದಾರೆ. ಸಿಕ್ಕ ನಂಬರ್ ಕಳ್ಳರದು. ಇವರ ಹರಕು ಹಿಂದಿ ಕೇಳಿದ್ದೇ ಆ ಕಡೆಯ ಹುಡುಗ ಕನ್ನಡಕ್ಕೆ ಹೊರಳಿದ, ಅದೂ ಕುಂದಾಪುರದ ಕನ್ನಡಕ್ಕೆ. "ನಮ್ಮದೂ ಆ ಬದಿಯೇ ಅಮ್ಮ" ಅಂದ. ಎರಡು ನಿಮಿಷ ಊರಿನ ಮಳೆ, ಮೀನಿನ ರೇಟು ಮಾತಾಯಿತು. ಆಮೇಲೆ, ರಿಪೇರಿಗೆಂದು ಅವನು ದೂರದಿಂದಲೇ ಪರದೆ ನೋಡಬಲ್ಲ ಒಂದು ಆಪ್ ಹಾಕಿಸಿದ. ನೆಟ್ ಬ್ಯಾಂಕಿಂಗಿನಲ್ಲಿ ಹತ್ತು ರೂಪಾಯಿ ಕಟ್ಟಿ ನೋಡಿ ಅಂದ. ಫೋನಿಗೆ ಬಂದ ಒಟಿಪಿಯನ್ನು ಇವರು ಅಕ್ಕರೆಯಿಂದ ಓದಿ ಹೇಳಿದರು. 38,000 ರೂಪಾಯಿ ಹೋಯಿತು. 1930ಕ್ಕೆ ಫೋನ್ ಮಾಡಿಸಿ ದೂರು ಕೊಟ್ಟದ್ದು ಮರುದಿನ. ಅಷ್ಟು ಹೊತ್ತಿಗೆ ಬಹುಪಾಲು ಹಣ ಕೈಬದಲಾಗಿತ್ತು, ಸ್ವಲ್ಪ ಮಾತ್ರ ತಡೆಹಿಡಿಯಲು ಸಾಧ್ಯವಾಯಿತು.

ಇಲ್ಲಿ ತಪ್ಪು ಯಾರದು? ಮಗ ಪುಣೆಯಿಂದ ಬಂದವನೇ "ನಿನಗೆ ಬುದ್ಧಿ ಬೇಡ್ವಾ" ಅಂದ. ಅವರ ಬ್ಯಾಂಕು "ಗ್ರಾಹಕರ ನಿರ್ಲಕ್ಷ್ಯ" ಅಂತ ಬರೆದುಕೊಟ್ಟಿತು. ನಿಯಮದ ಮಾತು ನನಗೆ ಗೊತ್ತು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಇದನ್ನು ವಿಂಗಡಿಸಿತ್ತು: ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ಹೊರೆಯಿಲ್ಲ, ಇಬ್ಬರದೂ ಅಲ್ಲದೆ ಮೂರನೆಯವನದಾಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಇಲ್ಲ, ಗ್ರಾಹಕನೇ ಗುಟ್ಟಿನ ವಿವರ ಹೇಳಿಬಿಟ್ಟಿದ್ದರೆ, ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಲೆಕ್ಕದ ದೃಷ್ಟಿಯಿಂದ ಇದು ಸರಿ. ನಷ್ಟ ಎಂದ ಮೇಲೆ ಅದನ್ನು ಯಾವುದೋ ಒಂದು ಖಾತೆಗೆ ಬರೆಯಲೇಬೇಕು.

ಆದರೆ ನಷ್ಟ ಹೊರುವುದು ಬೇರೆ, ದೋಷ ಹೊರುವುದು ಬೇರೆ. ಈ ಎರಡನ್ನೂ ಒಂದೇ ಖಾತೆಗೆ ಬರೆಯುವ ಚಾಳಿ ನಮ್ಮಲ್ಲಿ ಜಾಸ್ತಿಯಾಗಿದೆ. ಬಾಗಿಲು ತೆರೆದಿಟ್ಟವನು ಅಜಾಗರೂಕ ಇರಬಹುದು, ಕದ್ದವನಂತೂ ಕಳ್ಳ. ಅಜಾಗರೂಕತೆಗೆ ಎಷ್ಟೇ ಬೈದರೂ ಕಳ್ಳನ ಪಾಲಿನ ಪಾಪ ಒಂದು ಪೈಸೆ ಕಡಿಮೆಯಾಗದು. ಆ ಅಮ್ಮನಂತೂ ಬಾಗಿಲು ತೆರೆದಿಟ್ಟು ಮರೆತವರಲ್ಲ. ಐವತ್ತು ವರ್ಷ ಈ ಶಹರದಲ್ಲಿ ಯಾವುದು ತನ್ನನ್ನು ಕಾಪಾಡಿತ್ತೋ ಅದನ್ನೇ, ಅಂದರೆ ಭಾಷೆಯನ್ನೇ, ನಂಬಿದರು. ಕಳ್ಳನಿಗೆ ಅದು ಗೊತ್ತಿತ್ತು. ಅವನು ಹಣದ ಜೊತೆಗೆ ನಾಳೆ ಯಾರೋ ಅಪರಿಚಿತರು ಕನ್ನಡದಲ್ಲಿ ಮಾತಾಡಿಸಿದಾಗ ಆಗಬೇಕಿದ್ದ ಸಂತೋಷವನ್ನೂ ಕದ್ದ. ಅದಕ್ಕೆ ಯಾವ ಸುತ್ತೋಲೆಯಲ್ಲೂ ಪರಿಹಾರ ಕಾಣೆ.

ಹಾಗಾದರೆ ಇನ್ನು ಮುಂದೆ ಯಾರನ್ನೂ ನಂಬಬೇಡಿ ಅಂತ ಕಲಿಸುವುದೇ? ಕೆಲವು ತಿಂಗಳು ಅವರು ಹಾಗೇ ಇದ್ದರು. ಗುರುತಿಲ್ಲದ ನಂಬರಿನ ಫೋನನ್ನು ಎತ್ತುತ್ತಲೇ ಇರಲಿಲ್ಲ. ಊರಿನಿಂದ ತಮ್ಮನ ಮಗ ಹೊಸ ನಂಬರಿನಿಂದ ಮಾಡಿ ಮಾಡಿ ಸೋತು, ಕೊನೆಗೆ ನನಗೆ ಫೋನ್ ಮಾಡಿದ. ಒಂಟಿಯಾಗಿರುವ ವೃದ್ಧೆಗೆ ಇದು ಮದ್ದೋ, ಇನ್ನೊಂದು ರೋಗವೋ ಮಾರಾಯ್ರೆ?

ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಬ್ಯಾಂಕಿನ ಸೇಫಿನಲ್ಲಿ. ಸೇಫಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ್ ಹತ್ತಿರ. ಎರಡೂ ಕೂಡದೆ ತೆರೆಯದು. ಇಷ್ಟು ವರ್ಷದಲ್ಲಿ ಒಬ್ಬ ಕ್ಯಾಷಿಯರ್ ಕೂಡ "ನನ್ನ ಮೇಲೆ ನಂಬಿಕೆಯಿಲ್ಲವೇ" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಬದಲಿಗೆ ಅದು ಅವನಿಗೆ ನಿಶ್ಚಿಂತೆ. ಹಣ ಕಡಿಮೆ ಬಿದ್ದರೆ ಅವನೊಬ್ಬನ ಕಡೆಗೇ ಬೆರಳು ತೋರಿಸುವ ಹಾಗಿಲ್ಲ. ಕ್ಯಾಷಿಯರ್ ಒಳ್ಳೆಯವನೋ ಕೆಟ್ಟವನೋ ಎಂಬ ಗೊಡವೆಗೆ ಎರಡು ಕೀಲಿಕೈಯ ನಿಯಮ ಹೋಗುವುದಿಲ್ಲ. ಸಂಶಯ ಮನಸ್ಸಿನಲ್ಲಿದ್ದರೆ ಮನುಷ್ಯನನ್ನು ಹಾಳು ಮಾಡುತ್ತದೆ, ಪದ್ಧತಿಯಲ್ಲಿದ್ದರೆ ಯಾರಿಗೂ ನೋವಿಲ್ಲ. ಒಟಿಪಿ ಎಂಬುದೂ ಎರಡನೇ ಕೀಲಿಕೈಯೇ. ಕಾರ್ಡ್ ತೋರಿಸದೆ ಆನ್‌ಲೈನಿನಲ್ಲಿ ನಡೆಸುವ ವ್ಯವಹಾರಕ್ಕೆ ಎರಡನೇ ದೃಢೀಕರಣವನ್ನು ರಿಸರ್ವ್ ಬ್ಯಾಂಕು 2009ರಲ್ಲಿ ಕಡ್ಡಾಯ ಮಾಡಿದ್ದು ಅದಕ್ಕೇ. ಅದನ್ನು ಓದಿ ಹೇಳುವುದೆಂದರೆ ಕ್ಯಾಷಿಯರ್ ತನ್ನ ಕೀಲಿಕೈಯನ್ನೂ ಮ್ಯಾನೇಜರ್ ಕೈಗೆ ಕೊಟ್ಟು ಚಹಾಕ್ಕೆ ಹೋದ ಹಾಗೆ.

ಆದ್ದರಿಂದ ಅಮ್ಮನಿಗೆ ಜನರನ್ನು ಅಳೆಯುವುದನ್ನು ಕಲಿಸಲು ನಾನು ಹೋಗಲಿಲ್ಲ. ಆ ವಿದ್ಯೆ ನನಗೂ ಗೊತ್ತಿಲ್ಲ. ಕೆಲವು ಪದ್ಧತಿ ಹಾಕಿಕೊಟ್ಟೆ. ದಿನದ ಬಳಕೆಗೆ ಕಂಪ್ಯೂಟರಿನಲ್ಲಿ ಒಂದು ಸಾಮಾನ್ಯ ಖಾತೆ. ಹೊಸ ಸಾಫ್ಟ್‌ವೇರ್ ಹಾಕಲು ಬೇಕಾದ ಪಾಸ್‌ವರ್ಡ್ ಮಗನ ಹತ್ತಿರ. "ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಪರದೆ ತುಂಬ ಕೂಗಿಕೊಂಡರೆ ಕರೆ ಮಾಡದೆ ಆರಿಸಿಬಿಡುವುದು. ಯಾರೇ ಫೋನ್ ಮಾಡಲಿ, ಯಾವ ಭಾಷೆಯಲ್ಲೇ ಮಾತಾಡಲಿ, ಮಾತಾಡಲಿ ಪಾಪ. ಹಣದ ವಿಷಯ ಬಂದ ಕೂಡಲೇ "ನಾನೇ ವಾಪಸ್ ಮಾಡ್ತೆ" ಎಂದು ಇಟ್ಟು, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ತಾವೇ ಮಾಡುವುದು. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಅಂದರೂ ಇದೇ ಪಾಠ; ಅಂಥ ಬಂಧನ ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯಿತು. ತಾಣದ ವಿಳಾಸದ ಪಕ್ಕ ಬೀಗದ ಚಿತ್ರವಿದ್ದರೆ ಸಾಕು ಎಂದು ಅವರು ತಿಳಿದಿದ್ದರು. ಆ ಬೀಗ ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದ ಹಾಗೆ ಕಾಯುತ್ತದೆ, ಅಷ್ಟೇ. ಆ ತುದಿಯಲ್ಲಿ ಕೂತವನು ಸಜ್ಜನ ಎಂದು ಅದು ಜಾಮೀನು ಕೊಡುವುದಿಲ್ಲ.

ಪದ್ಧತಿ ಎಂದ ಮೇಲೆ ಅದು ನನಗೂ ಲಾಗು. ರಿಪೇರಿಗೆ ಕರೆದವರು ಮೊದಲು ಮಾಡುವ ಕೆಲಸವೆಂದರೆ ಪಾಸ್‌ವರ್ಡ್ ಬರೆದ ಡೈರಿಯನ್ನು ನನ್ನ ಮುಂದಿಡುವುದು. "ನಿಮ್ಮ ಹತ್ತಿರ ಎಂಥ ಗುಟ್ಟು" ಅನ್ನುತ್ತಾರೆ. ನಾನು ಡೈರಿ ಮುಚ್ಚಿ ಅವರ ಕೈಗೇ ಕೊಟ್ಟು, ಅವರು ಒತ್ತುವಾಗ ಕಿಟಕಿಯ ಕಡೆ ತಿರುಗಿ ಕೂರುತ್ತೇನೆ. ಮೊದಮೊದಲು ಅಮ್ಮನಿಗೆ ಬೇಸರವಾಯಿತು, ನಾನೇನೋ ದೂರ ಇಡುತ್ತಿದ್ದೇನೆ ಅಂತ. ಸೇಫಿನ ಕಥೆ ಹೇಳಿದ ಮೇಲೆ ನಕ್ಕರು. ಈಗ ನಾನು ಮರೆತರೂ ಅವರೇ "ಆಚೆ ತಿರ್ಗಿ" ಅನ್ನುತ್ತಾರೆ.

ಫೋನನ್ನು ಈಗ ಎತ್ತುತ್ತಾರೆ. ಹೋದ ಹಣದ ಮಾತು ಹೆಚ್ಚು ತೆಗೆಯುವುದಿಲ್ಲ. ಒಂದು ಪ್ರಶ್ನೆ ಮಾತ್ರ ಆಗಾಗ ಕೇಳುತ್ತಾರೆ: "ಆ ಹುಡ್ಗ ನಿಜವಾಗ್ಲೂ ನಮ್ಮ ಬದಿಯವನೇ ಆಗಿರ್ಬಹುದಾ?" ಇರಲಾರ, ಮಾತು ಕಲಿತು ನಾಟಕ ಆಡಿರಬೇಕು ಎಂದು ಹೇಳಿದರೆ ಅವರಿಗೆ ಸಮಾಧಾನವಾದೀತು. ಆದರೆ ಮೀನಿನ ರೇಟು ಅವನು ಸರಿಯಾಗಿಯೇ ಹೇಳಿದ್ದನಂತೆ. ಇರಬಹುದು ಅಮ್ಮ, ಅನ್ನುತ್ತೇನೆ.